ಕಾಲು ಮನೆಗೆ ಬಂದ ಅತಿಥಿಗಳು

ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ, ಬಂದರಿಗೂ ಸಮುದ್ರಕ್ಕೂ ನಡುವೆ ತ್ರಿಕೋನದಂತೆ ಚಾಚಿಕೊಂಡಿರುವ ಬಡಾವಣೆಯ ಹೆಸರು ಬಾರ್ಸಿಲೋನೆಟಾ. ಅಲ್ಲಿನ ಕೆಟಲಾನ್ ಭಾಷೆಯಲ್ಲಿ ಹೆಸರಿನ ಕೊನೆಗೆ 'ಎಟಾ' ಸೇರಿದರೆ ಪುಟ್ಟದು ಎಂದರ್ಥ. ಅಂದರೆ ಇದು ಪುಟ್ಟ ಬಾರ್ಸಿಲೋನಾ. ಸುಮಾರು 15 ಸಾವಿರ ಜನರ ವಾಸಸ್ಥಾನ. ಒಂದಕ್ಕೊಂದು ಅಂಟಿಕೊಂಡ ಎತ್ತರದ ಮನೆಗಳು, ಬಾಲ್ಕನಿಯಲ್ಲಿ ಒಣಗುವ ಬಟ್ಟೆ, ಸಂಜೆಯಾದರೆ ಬೀದಿಗೆ ಕುರ್ಚಿ ತಂದಿಟ್ಟು ಗಾಳಿಗೆ ಕೂರುವ ಅಜ್ಜಿಯರು, ಮೂಲೆಮೂಲೆಗೂ ಮೀನಿನ ಖಾನಾವಳಿ. ನಮ್ಮ ಆಲೂ ಬೋಂಡಾಕ್ಕೆ ದೂರದ ನೆಂಟನಂತಿರುವ, ಒಳಗೆ ಮಾಂಸದ ಹೂರಣವಿಟ್ಟು ಕರಿದ 'ಬೊಂಬಾ' ಎಂಬ ಖಾರದ ತಿಂಡಿ ಹುಟ್ಟಿದ್ದೂ ಇಲ್ಲಿಯೇ.

2014ರ ಬೇಸಿಗೆಯಲ್ಲಿ ಈ ಬಾಲ್ಕನಿಗಳ ಬಟ್ಟೆಗಳ ಜತೆಗೆ ಬರಹದ ಫಲಕಗಳೂ ನೇತಾಡತೊಡಗಿದವು. 'ಪ್ರವಾಸಿ ಫ್ಲ್ಯಾಟ್ ಒಂದೂ ಬೇಡ' ಎಂಬುದು ಅವುಗಳ ಒಕ್ಕಣೆ.

ಪ್ರವಾಸಿ ಫ್ಲ್ಯಾಟ್ ಎಂದರೆ ನಮ್ಮ ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇ ಅಲ್ಲ. ಹೋಂಸ್ಟೇಯಲ್ಲಿ ಮನೆಯವರು ಮನೆಯಲ್ಲಿರುತ್ತಾರೆ, ಕಾಫಿ ಕೊಟ್ಟು ಮಾತನಾಡಿಸುತ್ತಾರೆ. ಪ್ರವಾಸಿ ಫ್ಲ್ಯಾಟಿನಲ್ಲಿ ಯಾರೂ ಇರುವುದಿಲ್ಲ. ವಸತಿ ಕಟ್ಟಡವೊಂದರ ಒಂದು ಮನೆಯನ್ನು ಹಾಸಿಗೆ, ಒಲೆ, ಪಾತ್ರೆಗಳ ಸಮೇತ ದಿನಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಕೆಟಲೋನಿಯಾ ಪ್ರಾಂತ್ಯದ ನಿಯಮದ ಪ್ರಕಾರ ಇಂಥ ವಾಸ್ತವ್ಯ 31 ದಿನ ಮೀರುವಂತಿಲ್ಲ. ಸಾಮಾನ್ಯವಾಗಿ ಅದು ಮೂರು ರಾತ್ರಿಗೇ ಮುಗಿದಿರುತ್ತದೆ. ಹಣ ಮೊದಲೇ ಅಂತರ್ಜಾಲದಲ್ಲಿ ಪಾವತಿಯಾಗಿರುತ್ತದೆ. ಬಾಗಿಲ ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿ ಸಂಖ್ಯೆ ಒತ್ತಿದರೆ ಕೀಲಿಕೈ ಸಿಗುತ್ತದೆ. ಯಾರ ಮನೆ, ಯಾರು ಬಂದರು, ಯಾರು ಹೋದರು ಎಂಬುದು ಪಕ್ಕದ ಮನೆಯವರಿಗೆ ತಿಳಿಯುವುದು ಕಲ್ಲುಹಾಸಿನ ಮೇಲೆ ನಡುರಾತ್ರಿ ಗಡಗಡ ಎನ್ನುವ ಸೂಟ್‌ಕೇಸಿನ ಚಕ್ರಗಳಿಂದ ಮಾತ್ರ.

ಈ ಉದ್ಯಮದ ಬಿಸಿ ತಟ್ಟಿದ ನಗರಗಳು ಜಗತ್ತಿನಲ್ಲಿ ಹಲವಾರು ಇವೆ. ಆದರೆ ಬಾರ್ಸಿಲೋನೆಟಾದ ಕಥೆ ಸ್ವಲ್ಪ ಬೇರೆ. ಇಲ್ಲಿ ಪ್ರವಾಸಿಗರು ಹುಡುಕಿ ಬಂದದ್ದು ಅರಮನೆಯನ್ನಲ್ಲ, ಬಂಗಲೆಯನ್ನೂ ಅಲ್ಲ. ಬಡವರು ಇಕ್ಕಟ್ಟಿನಿಂದಾಗಿ ಒಡೆದು ಒಡೆದು ಚಿಕ್ಕದು ಮಾಡಿಕೊಂಡ ಮನೆಗಳೇ ಅವರಿಗೆ ಹೇಳಿ ಮಾಡಿಸಿದಂತಾದವು. ಇದು ಅರ್ಥವಾಗಬೇಕಾದರೆ ಮುನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಕೋಟೆಗಾಗಿ ಊರು ಕೆಡವಿದರು

ಸ್ಪೇನಿನ ಸಿಂಹಾಸನ ಯಾರಿಗೆ ಎಂಬ ಪ್ರಶ್ನೆಯ ಮೇಲೆ 18ನೇ ಶತಮಾನದ ಆರಂಭದಲ್ಲಿ ಯೂರೋಪಿನಲ್ಲಿ ದೊಡ್ಡ ಯುದ್ಧವೇ ನಡೆಯಿತು. ಬಾರ್ಸಿಲೋನಾ ಐದನೇ ಫಿಲಿಪ್‌ನ ವಿರುದ್ಧ ಪಕ್ಷದಲ್ಲಿ ನಿಂತಿತ್ತು. ದೀರ್ಘ ಮುತ್ತಿಗೆಯ ನಂತರ 1714ರ ಸೆಪ್ಟೆಂಬರ್ 11ರಂದು ನಗರ ಶರಣಾಯಿತು. ಆ ಸೋಲಿನ ದಿನವನ್ನೇ ಕೆಟಲೋನಿಯಾದವರು ಇಂದಿಗೂ ತಮ್ಮ ನಾಡಹಬ್ಬವಾಗಿ ಆಚರಿಸುತ್ತಾರೆ ಎನ್ನುವುದು ಕುತೂಹಲದ ಸಂಗತಿ.

ಗೆದ್ದ ರಾಜನಿಗೆ ನಗರದ ಮೇಲೆ ನಂಬಿಕೆ ಇರಲಿಲ್ಲ. ಜನ ಮತ್ತೆ ತಲೆ ಎತ್ತದಂತೆ ಕಾವಲು ಕಾಯಲು ಸಿಯುತಡೆಲಾ ಎಂಬ ಭಾರಿ ಕೋಟೆಯೊಂದನ್ನು ಕಟ್ಟಿಸಿದ. ಅದರ ನಕ್ಷೆ ಬರೆದವನು ವರ್ಬೂಮ್ ಎಂಬ ಫ್ಲೆಮಿಶ್ ಮೂಲದ ಸೇನಾ ಎಂಜಿನಿಯರ್. ಕೋಟೆಗೆ ಜಾಗ ಬೇಕಲ್ಲ? ಲಾ ರಿಬೇರಾ ಎಂಬ ಜನನಿಬಿಡ ಬಡಾವಣೆಯ ದೊಡ್ಡ ಭಾಗವನ್ನೇ ನೆಲಸಮ ಮಾಡಲಾಯಿತು. ವ್ಯಾಪಾರಿಗಳು, ಕುಶಲಕರ್ಮಿಗಳು, ಬೆಸ್ತರು ವಾಸವಾಗಿದ್ದ ಸುಮಾರು ಸಾವಿರ ಮನೆಗಳು ಮಣ್ಣುಪಾಲಾದವು. ಆ ಮನೆಗಳ ಅಡಿಪಾಯವನ್ನು ಈಗಲೂ ನೋಡಬಹುದು. ಬೋರ್ನ್ ಎಂಬ ಹಳೆಯ ಮಾರುಕಟ್ಟೆ ಕಟ್ಟಡವನ್ನು ಗ್ರಂಥಾಲಯ ಮಾಡಲು ಹೊರಟಾಗ ನೆಲದಡಿಯಲ್ಲಿ ಬೀದಿ, ಬಾವಿ, ಗೋಡೆಗಳ ಸಮೇತ ಆ ಊರಿನ ಒಂದು ತುಂಡು ಸಿಕ್ಕಿತು. ಗ್ರಂಥಾಲಯದ ಯೋಜನೆ ಬಿಟ್ಟು, 2013ರಲ್ಲಿ ಅದನ್ನೇ ಸಾರ್ವಜನಿಕರ ವೀಕ್ಷಣೆಗೆ ತೆರೆಯಲಾಯಿತು.

ಮನೆ ಕಳೆದುಕೊಂಡವರಿಗೆ ಕಡಲ ಬದಿಯಲ್ಲಿ ಹೊಸ ಬಡಾವಣೆ ಕಟ್ಟಿಕೊಡುವ ಯೋಜನೆಯನ್ನು ವರ್ಬೂಮ್ ಆಗಲೇ ಹಾಕಿದ್ದ. ಅದು ಕಾಗದದಲ್ಲೇ ಉಳಿಯಿತು. ಬಂದರಿಗೆ ಅಡ್ಡಗಟ್ಟೆ ಕಟ್ಟಿದ್ದರಿಂದ ಶತಮಾನಗಳ ಕಾಲ ಮರಳು ತುಂಬಿ ತುಂಬಿ ಅಲ್ಲಿ ಹೊಸ ನೆಲ ಹುಟ್ಟಿತ್ತು. ಆ ಮರಳಿನ ಮೇಲೆ ಜನ ತಾವೇ ಗುಡಿಸಲು ಹಾಕಿಕೊಂಡಿದ್ದರು. ಸರಿಯಾದ ಬಡಾವಣೆಯ ಕೆಲಸ ಶುರುವಾದದ್ದು 1753ರಲ್ಲಿ, ಮಾರ್ಕಿಸ್ ದೆ ಲಾ ಮಿನಾ ಎಂಬ ಸೇನಾಧಿಪತಿಯ ಆಡಳಿತದಲ್ಲಿ. ಕೋಟೆಗೂ ಈ ಬಡಾವಣೆಗೂ ನಡುವೆ ಹತ್ತಿರ ಹತ್ತಿರ ನಲವತ್ತು ವರ್ಷ. ಸೂರು ಕಳೆದುಕೊಂಡವರಲ್ಲಿ ಎಷ್ಟು ಮಂದಿ ಅಷ್ಟು ದಿನ ಕಾದು ಬದುಕಿದ್ದಾರು? ಹೊಸ ಮನೆಗಳಿಗೆ ಬಂದವರಲ್ಲಿ ಹೆಚ್ಚಿನವರು ಮೀನುಗಾರರು, ನಾವಿಕರು, ಬಂದರಿನ ಕೂಲಿಗಳು.

ನಕ್ಷೆ ಬರೆದವನು ಹುವಾನ್ ಮಾರ್ಟಿನ್ ಸೆರ್ಮೆನ್ಯೊ. ಅವನೂ ಸೇನಾ ಎಂಜಿನಿಯರನೇ. ಅದಕ್ಕೇ ಇರಬೇಕು, ಬಡಾವಣೆ ಕವಾಯತಿಗೆ ನಿಂತ ಸಿಪಾಯಿಗಳ ಸಾಲಿನಂತಿದೆ. ಬೀದಿಗಳು ಬಾಣದಷ್ಟು ನೇರ, ಅಗಲ ಸುಮಾರು ಏಳೂವರೆ ಮೀಟರ್. ಪ್ರತಿ ಮನೆಯೂ 8.4 ಮೀಟರ್ ಉದ್ದ, ಅಷ್ಟೇ ಅಗಲದ ಚೌಕ. ನಮ್ಮ ಲೆಕ್ಕದಲ್ಲಿ ಏಳೂವರೆ ಚದರ. ನೆಲ ಅಂತಸ್ತು, ಅದರ ಮೇಲೊಂದು ಮಹಡಿ, ಅಷ್ಟೇ. ಇನ್ನೂ ಎತ್ತರಿಸಲು ಅಪ್ಪಣೆ ಇರಲಿಲ್ಲ. ಕೋಟೆಯ ತೋಪುಗಳಿಗೆ ಬಂದರು ಕಾಣದೆ ಹೋಗಬಾರದಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ.

ಸೇನೆಯ ಲೆಕ್ಕಾಚಾರ ಏನೇ ಇರಲಿ, ಮನೆ ಮಾತ್ರ ಚೆನ್ನಾಗಿತ್ತು. ಮನೆಗಳ ಸಾಲಿನ ದಪ್ಪ ಒಂದೇ ಮನೆಯಷ್ಟು. ಆದ್ದರಿಂದ ಪ್ರತಿ ಮನೆಗೂ ಮುಂದೊಂದು ಬೀದಿ, ಹಿಂದೊಂದು ಬೀದಿ. ಎರಡು ಕಡೆಯೂ ಕಿಟಕಿ, ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ಕೆಳಗೆ ಬಲೆ, ಹುಟ್ಟು, ಸಾಮಾನುಗಳಿಗೆ ಜಾಗ, ಮೇಲೆ ವಾಸ. ಒಂದು ಮನೆಗೆ ಒಂದೇ ಸಂಸಾರ. ಆ ಕಾಲದ ಮನೆಯೊಂದು ಸಂತ ಕಾರ್ಲೆಸ್ ಬೀದಿಯಲ್ಲಿ ಮೂಲರೂಪದಲ್ಲೇ ಉಳಿದಿದೆ. 1761ರಲ್ಲಿ ಕಟ್ಟಿದ್ದು. ಸುತ್ತಲಿನ ಐದಾರು ಅಂತಸ್ತುಗಳ ನಡುವೆ ಅದು ಮೊಮ್ಮಕ್ಕಳ ಮಧ್ಯೆ ಕುಗ್ಗಿ ಕೂತ ಮುದುಕಿಯಂತೆ ಕಾಣುತ್ತದೆ.

ಒಡೆದು ಅರ್ಧ, ಮತ್ತೆ ಒಡೆದು ಕಾಲು

19ನೇ ಶತಮಾನದಲ್ಲಿ ಬಾರ್ಸಿಲೋನಾ ಸ್ಪೇನಿನ ದೊಡ್ಡ ಕೈಗಾರಿಕಾ ನಗರವಾಯಿತು. ಬಾರ್ಸಿಲೋನೆಟಾಕ್ಕೆ ಗ್ಯಾಸ್ ಕಾರ್ಖಾನೆ ಬಂತು. ಉಗಿಯಂತ್ರಗಳನ್ನೂ ಹಡಗಿನ ಎಂಜಿನ್‌ಗಳನ್ನೂ ತಯಾರಿಸುವ ಮಾಕಿನಿಸ್ತಾ ಕಾರ್ಖಾನೆ ಬಂತು. 1848ರಲ್ಲಿ ಸ್ಪೇನಿನ ನೆಲದ ಮೊಟ್ಟಮೊದಲ ರೈಲು ಮಾತಾರೋ ಪಟ್ಟಣಕ್ಕೆ ಹೊರಟದ್ದು ಈ ಬಡಾವಣೆಯ ಪಕ್ಕದಿಂದಲೇ. ಕೆಲಸ ಇದ್ದಲ್ಲಿಗೆ ಜನ ಬಂದರು, ಜನ ಬಂದಲ್ಲಿ ಮನೆ ಸಾಲದಾಯಿತು. ಮೂರು ಕಡೆ ನೀರು ಮತ್ತು ಬಂದರು, ಇನ್ನೊಂದು ಕಡೆ ರೈಲು ಮತ್ತು ಕೋಟೆ. ಊರು ಅಡ್ಡಕ್ಕೆ ಬೆಳೆಯುವ ಹಾಗಿರಲಿಲ್ಲ.

ಆಗ ಎರಡು ಕೆಲಸಗಳಾದವು. ಒಂದು, 1838ರಿಂದ ಮೊದಲುಗೊಂಡು ಹಂತಹಂತವಾಗಿ ಮೇಲಕ್ಕೆ ಕಟ್ಟಲು ಅನುಮತಿ ದೊರೆಯಿತು. ಮಹಡಿಯ ಮೇಲೆ ಮಹಡಿ ಎದ್ದವು. ಬೀದಿಯ ಅಗಲ ಮಾತ್ರ ಇದ್ದಷ್ಟೇ ಇದ್ದುದರಿಂದ ಕೆಳಗಿನ ಮನೆಗಳಿಗೆ ಬಿಸಿಲು ತಪ್ಪಿತು. ಇನ್ನೊಂದು ಕೆಲಸ ಇನ್ನೂ ಮುಖ್ಯವಾದದ್ದು. ಮಾಲೀಕರು ಚೌಕದ ಮನೆಯ ನಟ್ಟನಡುವೆ ಗೋಡೆ ಎಬ್ಬಿಸಿದರು. ಈ ಬೀದಿಯ ಕಡೆಗೆ ಅರ್ಧ ಮನೆ, ಆ ಬೀದಿಯ ಕಡೆಗೆ ಅರ್ಧ ಮನೆ. ಕೆಳಗಿನದನ್ನು ಒಬ್ಬರಿಗೆ, ಮೇಲಿನದನ್ನು ಇನ್ನೊಬ್ಬರಿಗೆ ಕೊಟ್ಟಾಗ ಮೂಲದ ಒಂದು ಮನೆ ನಾಲ್ಕಾಯಿತು. ಹೀಗೆ ಹುಟ್ಟಿದ್ದೇ 'ಕ್ವಾರ್ಟ್ ದ ಕಾಸಾ', ಅಂದರೆ ಕಾಲು ಮನೆ. ಅಳತೆ 35 ಚದರ ಮೀಟರ್. ಗೋಡೆ, ಮೆಟ್ಟಿಲಿಗೆ ಹೋದದ್ದು ಕಳೆದರೆ ಉಳಿಯುವುದು ಮೂರು ಚದರದಷ್ಟು ಜಾಗ. ಗಾಳಿ ಒಂದು ಬೀದಿಯಿಂದ ಬರುತ್ತದೆ, ಆಚೆ ಹೋಗಲು ದಾರಿಯಿಲ್ಲ.

ಬೆಂಗಳೂರು, ಮೈಸೂರಿನ ಹಳೆಯ ವಠಾರಗಳಲ್ಲಿ ಬಾಳಿದವರಿಗೆ ಈ ಮನೆಯ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಒಂದು ಕೋಣೆಯಲ್ಲಿ ಅಡಿಗೆ, ಊಟ, ಮಾತುಕತೆ. ಇನ್ನೊಂದರಲ್ಲಿ ಇಡೀ ಸಂಸಾರದ ನಿದ್ದೆ. ಮನೆಯೊಳಗೆ ಜಾಗವಿಲ್ಲದ್ದರಿಂದಲೇ ಬಾರ್ಸಿಲೋನೆಟಾದ ಬೀದಿ ಮನೆಯಾಯಿತು. ಕುರ್ಚಿ ಬೀದಿಗೆ ಬಂತು, ಮಕ್ಕಳ ಆಟ ಬೀದಿಗೆ ಬಂತು, ಜಗಳವೂ ಬೀದಿಗೆ ಬಂತು. ಇಂದು ಪ್ರವಾಸಿ ಜಾಹೀರಾತುಗಳು 'ಜೀವಂತಿಕೆಯಿಂದ ತುಂಬಿದ ಬಡಾವಣೆ' ಎಂದು ವರ್ಣಿಸುವುದು ಇದನ್ನೇ. ಅದರ ಮೂಲ ಇರುವುದು ಮೂರು ಚದರದ ಇಕ್ಕಟ್ಟಿನಲ್ಲಿ.

ಕಾಲು ಮನೆಯೂ ಸಿಗದವರ ಪಾಡು ಇನ್ನೂ ಕಷ್ಟ. ಅವರು ಪಕ್ಕದ ಸೊಮೊರೊಸ್ತ್ರೊ ಕಡಲತೀರದಲ್ಲಿ ಜೋಪಡಿ ಹಾಕಿದರು. ಜಗತ್ಪ್ರಸಿದ್ಧ ಫ್ಲಾಮೆಂಕೊ ನರ್ತಕಿ ಕಾರ್ಮೆನ್ ಅಮಾಯಾ ಅಂಥ ಜೋಪಡಿಯಲ್ಲೇ ಹುಟ್ಟಿದವಳು. ಅಂತರ್ಯುದ್ಧದ ದಿನಗಳಲ್ಲಿ, 1937-38ರಲ್ಲಿ, ಬಂದರಿನ ಮಗ್ಗುಲಲ್ಲಿದ್ದ ತಪ್ಪಿಗೆ ಬಾರ್ಸಿಲೋನೆಟಾದ ಮೇಲೆ ಮತ್ತೆ ಮತ್ತೆ ಬಾಂಬು ಬಿತ್ತು. ಸೊಮೊರೊಸ್ತ್ರೊದ ಜೋಪಡಿಗಳನ್ನು 1966ರಲ್ಲಿ ಕಿತ್ತುಹಾಕಿದರು. ಸರ್ವಾಧಿಕಾರಿ ಫ್ರಾಂಕೊ ನೌಕಾದಳದ ಪ್ರದರ್ಶನ ನೋಡಲು ಬರುವವನಿದ್ದ.

ಇಷ್ಟೆಲ್ಲದರ ನಡುವೆ ಕಾಲು ಮನೆಯವರನ್ನು ಕಾಪಾಡಿದ್ದು ಬಾಡಿಗೆ ಕಾನೂನು. ಸ್ಪೇನಿನ 1964ರ ಕಾಯ್ದೆಯ ಪ್ರಕಾರ ಬಾಡಿಗೆದಾರ ಜೀವನಪೂರ್ತಿ ಮನೆಯಲ್ಲಿರಬಹುದಿತ್ತು. ಅವನ ನಂತರ ಹೆಂಡತಿ, ಮಕ್ಕಳು ಮುಂದುವರಿಯಬಹುದಿತ್ತು. ಬಾಡಿಗೆ ಏರುತ್ತಿದ್ದುದು ನಾಮಮಾತ್ರಕ್ಕೆ. ಮಾಲೀಕನಿಗೆ ರಿಪೇರಿ ಮಾಡಿಸುವ ಉತ್ಸಾಹ ಉಳಿಯಲಿಲ್ಲ ಎಂಬುದೂ ನಿಜ. 1985ರಲ್ಲಿ ಹೊಸ ಕರಾರುಗಳಿಗೆ ಈ ರಕ್ಷಣೆ ತಪ್ಪಿತು. 1994ರ ಕಾಯ್ದೆ ಹಳೆಯ ಕರಾರುಗಳನ್ನೂ ಕ್ರಮೇಣ ಮುಗಿಸುವ ದಾರಿ ತೋರಿಸಿತು. ಹೊಸಬರಿಗೆ ಸಿಕ್ಕ ಅಭಯ ಐದು ವರ್ಷ ಮಾತ್ರ. 2013ರಲ್ಲಿ ಅದು ಮೂರು ವರ್ಷಕ್ಕಿಳಿಯಿತು (2019ರಲ್ಲಿ ಮತ್ತೆ ಐದಾಯಿತು). ಅದೇ 2013ರ ತಿದ್ದುಪಡಿ ಪ್ರವಾಸಿಗರಿಗೆ ಕೊಡುವ ಮನೆಗಳನ್ನು ಬಾಡಿಗೆ ಕಾಯ್ದೆಯಿಂದಲೇ ಹೊರಗಿಟ್ಟು, ಆಯಾ ಪ್ರಾಂತ್ಯದ ಪ್ರವಾಸೋದ್ಯಮ ನಿಯಮಕ್ಕೆ ಒಪ್ಪಿಸಿತು.

ಕಡಲಿಗೆ ಬಂದ ಬೆಲೆ

1980ರ ದಶಕದವರೆಗೂ ಬಾರ್ಸಿಲೋನಾ ಸಮುದ್ರಕ್ಕೆ ಬೆನ್ನು ಹಾಕಿ ಕುಳಿತ ನಗರ ಎಂಬ ಮಾತಿತ್ತು. ದಂಡೆಯ ಉದ್ದಕ್ಕೂ ಗೋದಾಮು, ರೈಲು ಹಳಿ, ಕಾರ್ಖಾನೆ, ಕೊಳಚೆ. 1992ರ ಒಲಿಂಪಿಕ್ಸ್ ಆ ಚಿತ್ರವನ್ನು ತಲೆಕೆಳಗು ಮಾಡಿತು. ಗೋದಾಮುಗಳು ಹೋದವು, ಹೊಸ ಮರಳು ಬಂತು, ಮೈಲುಗಟ್ಟಲೆ ಕಡಲತೀರ ಸಿದ್ಧವಾಯಿತು. ಮರಳಿನ ಮೇಲೆ ಸಾಲಾಗಿದ್ದ, ಜನಸಾಮಾನ್ಯರ ಮೀನೂಟದ ಗುಡಿಸಲು ಹೋಟೆಲುಗಳನ್ನು ಆಟಕ್ಕೆ ಮೊದಲೇ ಕೆಡವಲಾಯಿತು. ಅವುಗಳ ನೆನಪಿಗೆಂದು ಜರ್ಮನಿಯ ಕಲಾವಿದೆ ರೆಬೆಕಾ ಹಾರ್ನ್ 1992ರಲ್ಲಿ ಅಲ್ಲೊಂದು ಶಿಲ್ಪ ನಿಲ್ಲಿಸಿದರು. ಕಿಟಕಿಗಳುಳ್ಳ ತುಕ್ಕುಬಣ್ಣದ ಉಕ್ಕಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಓರೆಕೋರೆಯಾಗಿ ಪೇರಿಸಿಟ್ಟಂತಿದೆ. ನೋಡಿದವರಿಗೆ ಹೋಟೆಲಿಗಿಂತ ಕಾಲು ಮನೆಗಳೇ ನೆನಪಾದರೆ ಆಶ್ಚರ್ಯವಿಲ್ಲ.

ಒಮ್ಮೆಗೇ ಬಾರ್ಸಿಲೋನೆಟಾದ ಮನೆ ಬಾಗಿಲಲ್ಲಿ ಕಡಲತೀರ, ಬೆನ್ನ ಹಿಂದೆ ಹಳೆಯ ನಗರ. ಅದೇ ಹೊತ್ತಿಗೆ ಅಗ್ಗದ ವಿಮಾನಗಳು ಬಂದವು. ಇನ್ನೊಂದು ಕಡೆ, 2007ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಬಾಡಿಗೆ ಕಟ್ಟಲು ಪರದಾಡುತ್ತಿದ್ದ ಇಬ್ಬರು ಗೆಳೆಯರು, ಸಮ್ಮೇಳನಕ್ಕೆ ಬಂದವರಿಗೆ ತಮ್ಮ ಮನೆಯಲ್ಲಿ ಗಾಳಿ ತುಂಬುವ ಹಾಸಿಗೆ ಹಾಸಿ ಕಾಸು ಮಾಡಿಕೊಂಡರು. ಮುಂದಿನ ವರ್ಷ ಅದೇ ಏರ್‌ಬಿಎನ್‌ಬಿ ಕಂಪೆನಿಯಾಯಿತು. 2008ರಲ್ಲೇ ಸ್ಪೇನಿನ ಮನೆ ನಿರ್ಮಾಣದ ಗುಳ್ಳೆ ಒಡೆದು ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಸಾಲದ ಕಂತು ಕಟ್ಟಲು ಮನೆಯ ಒಂದು ಕೋಣೆಯನ್ನು ಪ್ರವಾಸಿಗರಿಗೆ ಕೊಟ್ಟು ಉಸಿರಾಡಿದವರೂ ಅಲ್ಲಿ ಇದ್ದಾರೆ. ಅವರನ್ನು ದೂರುವುದು ನ್ಯಾಯವಲ್ಲ. ಆದರೆ ಉದ್ಯಮ ಕೋಣೆಯಲ್ಲಿ ನಿಲ್ಲಲಿಲ್ಲ. ಇಡೀ ಮನೆಗಳನ್ನು, ಒಬ್ಬೊಬ್ಬರೇ ಹಲವು ಮನೆಗಳನ್ನು, ಇದಕ್ಕೆಂದೇ ಇಟ್ಟುಕೊಳ್ಳುವ ಕಾಲ ಬಂತು.

ಇಲ್ಲಿ ಕಾಲು ಮನೆಯ ಅಳತೆ ಮುಖ್ಯವಾಗುತ್ತದೆ. ಇಬ್ಬರು ಮಕ್ಕಳಿರುವ ಸಂಸಾರಕ್ಕೆ ಮೂರು ಚದರ ಉಸಿರುಗಟ್ಟಿಸುವ ಜಾಗ. ಹಗಲೆಲ್ಲ ಕಡಲತೀರದಲ್ಲಿದ್ದು ರಾತ್ರಿ ಮಲಗಲು ಬರುವ ಜೋಡಿಗೆ ಅದು ಧಾರಾಳ. ಅಂಗಳದ ಗೊಡವೆಯಿಲ್ಲ, ಗುಡಿಸಿ ಒರೆಸಲು ಅರ್ಧ ಗಂಟೆ ಸಾಕು. ಲೆಕ್ಕಕ್ಕೆಂದು ರಾತ್ರಿಗೆ 100 ಯೂರೋ ಎಂದಿಟ್ಟುಕೊಳ್ಳಿ. ತಿಂಗಳಿಗೆ 20 ರಾತ್ರಿ ತುಂಬಿದರೂ 2,000 ಯೂರೋ. ಅದೇ ಮನೆಗೆ ತಿಂಗಳ ಬಾಡಿಗೆ 1,000 ಯೂರೋ ಕೊಡುವ ಮೀನುಗಾರ ಎಲ್ಲಿ ಸಿಗುತ್ತಾನೆ? ಕರಾರು ಮುಗಿದ ದಿನ ಮಾಲೀಕ ಏನು ಮಾಡುತ್ತಾನೆಂದು ಊಹಿಸಲು ಅರ್ಥಶಾಸ್ತ್ರ ಓದಬೇಕಿಲ್ಲ.

ಜನರ ಅನುಮಾನ ಎಷ್ಟರಮಟ್ಟಿಗೆ ಬೆಳೆದಿತ್ತೆಂದರೆ, 2007ರಲ್ಲಿ ನಗರಸಭೆ ಈ ಕಟ್ಟಡಗಳಿಗೆ ಲಿಫ್ಟ್ ಹಾಕಿಸುವ ಯೋಜನೆ ತಂದಾಗ ನಿವಾಸಿಗಳೇ ವಿರೋಧಿಸಿದರು. ಕಡಿದಾದ, ಇಕ್ಕಟ್ಟಿನ ಮೆಟ್ಟಿಲುಗಳನ್ನು ಏರಿಳಿಯಲಾಗದೆ ಮೇಲಿನ ಮಹಡಿಗಳಲ್ಲಿ ಸೆರೆಯಾದ ವೃದ್ಧರು ಅಲ್ಲಿ ಬೇಕಾದಷ್ಟಿದ್ದರು. ಲಿಫ್ಟ್ ಬೇಕಿತ್ತು. ಆದರೆ ಪುಟ್ಟ ಕಟ್ಟಡಗಳಲ್ಲಿ ಲಿಫ್ಟಿಗೆ ಜಾಗ ಮಾಡಲು ಕೆಲವು ಮನೆಗಳು ಹೋಗಬೇಕಾಗುತ್ತಿತ್ತು. ಹೋಗುವುದು ಯಾರ ಮನೆ, ಲಿಫ್ಟ್ ಬಂದ ಮೇಲೆ ಏರಿದ ಬೆಲೆಗೆ ಉಳಿಯುವವರು ಯಾರು ಎಂಬ ಪ್ರಶ್ನೆಗೆ ಅವರಿಗೆ ಸಮಾಧಾನದ ಉತ್ತರ ದೊರೆಯಲಿಲ್ಲ.

2014ರ ಆಗಸ್ಟಿನಲ್ಲಿ ಮೂವರು ಇಟಲಿಯ ಯುವಕರು ಹಾಡಹಗಲೇ ಬತ್ತಲೆಯಾಗಿ ಬಡಾವಣೆಯಲ್ಲಿ ಅಡ್ಡಾಡಿ, ಅಂಗಡಿಯೊಳಕ್ಕೂ ಹೋಗಿಬಂದರು. ಅವರ ಛಾಯಾಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಅಲ್ಲಿಗೆ ಸಹನೆಯ ಕಟ್ಟೆ ಒಡೆಯಿತು. ದಿನಗಟ್ಟಲೆ ಮೆರವಣಿಗೆಗಳು ನಡೆದವು. ಬೆತ್ತಲೆ ಯುವಕರು ನೆಪ ಮಾತ್ರ. ನೆರೆಮನೆಗಳು ಒಂದೊಂದಾಗಿ ಪ್ರವಾಸಿಗರ ಪಾಲಾಗುತ್ತಿದ್ದುದೇ ಜನರ ನಿಜವಾದ ಸಂಕಟವಾಗಿತ್ತು.

ಗಡುವು 2028

ಆ ವರ್ಷವೇ ನಗರಸಭೆ ಪ್ರವಾಸಿ ಫ್ಲ್ಯಾಟುಗಳಿಗೆ ಹೊಸ ಪರವಾನಗಿ ನಿಲ್ಲಿಸಿತು. ಸಾಲ ಕಟ್ಟಲಾಗದವರನ್ನು ಮನೆಯಿಂದ ಹೊರಹಾಕುವುದರ ವಿರುದ್ಧ ಹೋರಾಡಿ ಹೆಸರಾಗಿದ್ದ ಅದಾ ಕೊಲಾವ್ 2015ರಲ್ಲಿ ಮೇಯರ್ ಆದರು. 2016ರಲ್ಲಿ ಪರವಾನಗಿ ಇಲ್ಲದ ಮನೆಗಳ ಜಾಹೀರಾತು ಪ್ರಕಟಿಸಿದ್ದಕ್ಕೆ ಏರ್‌ಬಿಎನ್‌ಬಿಗೆ 6 ಲಕ್ಷ ಯೂರೋ ದಂಡ ಬಿತ್ತು. 2017ರ ಆರಂಭದಲ್ಲಿ ಬಂದ ನಗರ ಯೋಜನೆ, ಕೇಂದ್ರ ಭಾಗದಲ್ಲಿ ಪ್ರವಾಸಿ ವಸತಿಯ ಸಂಖ್ಯೆ ಏರದಂತೆ ತಡೆ ಹಾಕಿತು. ಈ ನಿರ್ಬಂಧ ಹೋಟೆಲುಗಳಿಗೂ ಅನ್ವಯ.

ಎಲ್ಲಕ್ಕಿಂತ ದೊಡ್ಡ ಸುದ್ದಿ 2024ರ ಜೂನ್‌ನಲ್ಲಿ ಬಂತು. ಆಗಿನ ಮೇಯರ್ ಝೌಮೆ ಕೊಲ್ಬೋನಿ, ನಗರದಲ್ಲಿರುವ 10,101 ಪರವಾನಗಿಗಳಲ್ಲಿ ಒಂದನ್ನೂ 2028ರ ನವೆಂಬರ್ ನಂತರ ನವೀಕರಿಸುವುದಿಲ್ಲ ಎಂದು ಘೋಷಿಸಿದರು. ಹತ್ತು ವರ್ಷಗಳಲ್ಲಿ ಬಾಡಿಗೆ ಶೇ 68ರಷ್ಟು ಏರಿದೆ ಎಂಬುದು ಅವರು ಕೊಟ್ಟ ಕಾರಣ. ಇದಕ್ಕೆ ಆಧಾರವಾದದ್ದು ಕೆಟಲೋನಿಯಾ ಸರ್ಕಾರದ 2023ರ ಆದೇಶ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಸ್ಪೇನಿನ ಸಂವಿಧಾನ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ತಳ್ಳಿಹಾಕಿತು.

ಮಾಲೀಕರ ವಾದವನ್ನೂ ಕೇಳಬೇಕು. ನಗರದ ಒಟ್ಟು ಮನೆಗಳಲ್ಲಿ ಪ್ರವಾಸಿ ಫ್ಲ್ಯಾಟುಗಳು ಶೇ 1ರ ಆಸುಪಾಸು. ಅಷ್ಟರಿಂದ ಇಡೀ ನಗರದ ಬಾಡಿಗೆ ಏರುತ್ತದೆಯೇ ಎಂದು ಅವರು ಕೇಳುತ್ತಾರೆ. ಹೊಸ ಮನೆ ಕಟ್ಟದ ಸರ್ಕಾರ ತನ್ನ ತಪ್ಪನ್ನು ತಮ್ಮ ತಲೆಗೆ ಕಟ್ಟುತ್ತಿದೆ ಎನ್ನುತ್ತಾರೆ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಇಡೀ ನಗರದ ಸರಾಸರಿ ತೆಗೆದರೆ ಬಾರ್ಸಿಲೋನೆಟಾದಂಥ ಬಡಾವಣೆ ಅದರಲ್ಲಿ ಕಾಣೆಯಾಗುತ್ತದೆ. ಬಾರ್ಸಿಲೋನಾದ ಅರ್ಥಶಾಸ್ತ್ರಜ್ಞರ ತಂಡವೊಂದು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಏರ್‌ಬಿಎನ್‌ಬಿಯಿಂದಾಗಿ ಸಾಧಾರಣ ಬಡಾವಣೆಯಲ್ಲಿ ಬಾಡಿಗೆ ಏರಿದ್ದು ಶೇ 2ರಷ್ಟು. ಇಂಥ ಫ್ಲ್ಯಾಟುಗಳು ದಟ್ಟವಾಗಿರುವ ಬಡಾವಣೆಗಳಲ್ಲಿ ಬಾಡಿಗೆ ಶೇ 7ರಷ್ಟು, ಮನೆಗಳ ಮಾರಾಟದ ಬೆಲೆ ಶೇ 17ರಷ್ಟು ಏರಿತ್ತು.

ಸಿಯುತಡೆಲಾ ಕೋಟೆ ಈಗಿಲ್ಲ. 1869ರಲ್ಲಿ ಅದು ನಗರಕ್ಕೆ ಹಸ್ತಾಂತರವಾಗಿ, ಆ ಜಾಗದಲ್ಲಿ ಉದ್ಯಾನ ಬಂತು. ಕೋಟೆ ಹೋದರೂ ಅದಕ್ಕಾಗಿ ಎದ್ದು ಹೋದವರು ಹಿಂತಿರುಗಲಿಲ್ಲ. 2028ರ ಬಳಿಕ ತೆರವಾಗುವ ಫ್ಲ್ಯಾಟುಗಳಿಗೆ ಯಾರು ಬರುತ್ತಾರೆ ಎಂಬುದು ಈಗಿನ ಪ್ರಶ್ನೆ. ಪ್ರವಾಸಿ ಫ್ಲ್ಯಾಟಿನ ವ್ಯಾಖ್ಯೆ 31 ದಿನಕ್ಕೆ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ದಿನ, ಆದರೆ ವರ್ಷಕ್ಕಿಂತ ಕಡಿಮೆ ಅವಧಿಗೆ, ವಿದೇಶಿ ವಿದ್ಯಾರ್ಥಿಗಳಿಗೂ ಎಲ್ಲಿಂದಲೋ ಕುಳಿತು ಕಂಪ್ಯೂಟರ್‌ನಲ್ಲಿ ಕೆಲಸ ಮಾಡುವವರಿಗೂ ಕೊಡುವ 'ಋತುಮಾನದ ಬಾಡಿಗೆ' ಎಂಬ ಇನ್ನೊಂದು ಬಗೆಯಿದೆ. 2024ರಲ್ಲಿ ಕೆಟಲೋನಿಯಾದಲ್ಲಿ ಬಾಡಿಗೆಗೆ ಮಿತಿ ಹೇರಿದಾಗ ಅನೇಕ ಮಾಲೀಕರು ಹೊರಳಿದ್ದು ಈ ದಾರಿಗೆ. ಈ ಕಿಂಡಿ ಮುಚ್ಚುವ ಬಗ್ಗೆ ಅಲ್ಲಿನ ಶಾಸನಸಭೆಯಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಜಟಾಪಟಿ ನಡೆದಿದೆ. ಬಾರ್ಸಿಲೋನೆಟಾದ ನಿವಾಸಿಗಳ ಸಂಘಗಳು ಪ್ರವಾಸಿ ಫ್ಲ್ಯಾಟುಗಳ ಜತೆಗೆ ಇದರ ಮೇಲೂ ಕಣ್ಣಿಟ್ಟಿವೆ.